ಏಳು ರಾತ್ರಿಯ ಲೆಕ್ಕ

ತಿ. ನರಸೀಪುರ
3 ಜನವರಿ 2025, ಶುಕ್ರವಾರ

ಕೊಡಗಿನ ಬಿಲ್ಲು ಬಂತು. ಟೈಮ್‌ಶೇರ್ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕೊಡಗು ಅಂತಲೇ ಹೆಸರು. ನಿರ್ವಹಣಾ ಶುಲ್ಕ 16,500, ಅದರ ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 19,470 ರೂಪಾಯಿ. ಕಟ್ಟಿದರೆ ರೆಸಾರ್ಟಿನ ಏಳು ರಾತ್ರಿ ನಮ್ಮದು. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಬಿಟ್ಟರೆ ಬಾಕಿ ಬೆಳೆಯುತ್ತದೆ.

2007ರಲ್ಲಿ ಇವರು ಮೈಸೂರಿನ ಪೆಟ್ರೋಲ್ ಬಂಕಿನಲ್ಲಿ ಯಾವುದೋ ಕೂಪನ್ ತುಂಬಿ ಡಬ್ಬಕ್ಕೆ ಹಾಕಿ ಬಂದಿದ್ದರು. ವಾರದೊಳಗೆ ಫೋನು. ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಅಂತ. ಹೋಟೆಲಿನಲ್ಲಿ ಊಟ ಹಾಕಿ ಎರಡು ಗಂಟೆ ಕೂರಿಸಿಕೊಂಡರು. ಇವತ್ತು ಸಹಿ ಮಾಡಿದರೆ ಈ ಬೆಲೆ, ನಾಳೆಗೆ ಇಲ್ಲ ಅಂದರು. ನಾನು ಮೇಜಿನ ಕೆಳಗೆ ಇವರ ಮಂಡಿ ತಟ್ಟಿ ಏಳಿ ಅಂದೆ. ಏಳಲಿಲ್ಲ. 1,90,000 ರೂಪಾಯಿ, ಕಂತಿನಲ್ಲಿ. ಇಪ್ಪತ್ತೈದು ವರ್ಷ, ವರ್ಷಕ್ಕೆ ಏಳು ರಾತ್ರಿ. ಒಂದೇ ಕೋಣೆಯನ್ನು ವಾರವಾರ ಹರಿದು ಎಷ್ಟೋ ಸಂಸಾರಗಳಿಗೆ ಹಂಚುವ ವ್ಯಾಪಾರ. ನಮಗೆ ಬಂದ ಪಾಲಿನಲ್ಲಿ ಬೇಸಿಗೆ ರಜೆಯೂ ಸೇರಿತ್ತು.

ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಊರು ಹತ್ತಿರವಾದಾಗ ಇವರೇ ಅಂದರು: ‘ವರ್ಷಕ್ಕೊಂದು ವಾರನಾದ್ರೂ ತಣ್ಣಗಿರೋ ಗಾಳಿ ಕುಡಿಯೋಣ ಕಣೆ.’ ಮೂವತ್ತು ವರ್ಷ ಊರಿನ ರೇಷ್ಮೆ ನೂಲು ಕಾರ್ಖಾನೆಯಲ್ಲಿ ದುಡಿದ ಜೀವ. ಇಲ್ಲಿ ತೆಗೆದ ನೂಲೇ ಮೈಸೂರಿನ ಕಾರ್ಖಾನೆಗೆ ಹೋಗಿ ಮೈಸೂರು ಸಿಲ್ಕ್ ಸೀರೆಯಾಗುವುದು. ಗೂಡು ಬೇಯಿಸುವ ಬಿಸಿನೀರಿನ ಹಬೆ, ಸತ್ತ ಹುಳದ ವಾಸನೆ. ಸೀಗೆಪುಡಿ ಹಾಕಿ ತಿಕ್ಕಿದರೂ ಬೆರಳ ಸಂದಿಯಿಂದ ಹೋಗುತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ಹನ್ನೊಂದು ಸಲ ಹೋದೆವು. 2021ರಲ್ಲಿ ಇವರು ತೀರಿಕೊಂಡರು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೊಟ್ಟು, ಜಮೀನಿಗೆ ಪೌತಿ ಖಾತೆ ಮಾಡಿಸುವ ಹಾಗೆ ಸದಸ್ಯತ್ವವನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. 2032ರವರೆಗೆ ಇದೆ. ಆದರೆ ನನ್ನ ಮಂಡಿಗೆ ಆ ಮೆಟ್ಟಿಲು ಆಗುವುದಿಲ್ಲ, ಬೆಂಗಳೂರಿನ ಮಗಳಿಗೆ ರಜೆ ಸಿಗುವುದಿಲ್ಲ. ಎರಡು ವರ್ಷದ ರಾತ್ರಿಗಳು ಸುಮ್ಮನೆ ಹೋದವು.

ಈ ವರ್ಷ ಯಾರಿಗಾದರೂ ಬಾಡಿಗೆಗೆ ಕೊಡುತ್ತೇನೆ. ಮಧ್ಯದಲ್ಲಿ ಯಾವ ಏಜೆಂಟೂ ಬೇಡ, ನಾನೇ ಕೊಡುತ್ತೇನೆ. ಏಜೆಂಟ್ ಯಾಕೆ ಬೇಡ ಅನ್ನುವುದನ್ನೂ ಬರೆಯಬೇಕು. ಇವತ್ತು ಕೈ ಏಳುತ್ತಿಲ್ಲ.

6 ಜನವರಿ, ಸೋಮವಾರ

ಬರೆದುಬಿಡುತ್ತೇನೆ. ಮನಸ್ಸಿನಲ್ಲಿಟ್ಟುಕೊಂಡು ಎರಡು ತಿಂಗಳಾಯಿತು, ನಿದ್ದೆ ಹತ್ತುತ್ತಿಲ್ಲ.

ನವೆಂಬರಿನಲ್ಲಿ ಒಬ್ಬ ಫೋನ್ ಮಾಡಿದ. ಅಚ್ಚ ಮೈಸೂರು ಕನ್ನಡ. ‘ಅಮ್ಮಾ, ನಿಮ್ಮ ಯಜಮಾನರ ಹೆಸರಲ್ಲಿದ್ದ ಮೆಂಬರ್‌ಶಿಪ್ ಈಗ ನಿಮ್ಮ ಹೆಸರಿಗೆ ಬಂದಿದೆ ಅಲ್ವಾ? ಅದನ್ನ ತಗೊಳ್ಳೋಕೆ ಮುಂಬೈಯಿಂದ ಒಂದು ಪಾರ್ಟಿ ರೆಡಿ ಇದೆ. ನಾಲ್ಕು ಲಕ್ಷ ಎಂಬತ್ತು ಸಾವಿರ ಕೊಡ್ತಾರೆ.’ ಸದಸ್ಯತ್ವದ ಸಂಖ್ಯೆಯನ್ನು ನಾನು ಹೇಳುವ ಮೊದಲೇ ಅವನೇ ಹೇಳಿದ. ಅಷ್ಟೆಲ್ಲ ತಿಳಿದವನು ಕಂಪನಿಯ ಕಡೆಯವನೇ ಇರಬೇಕು ಅಂದುಕೊಂಡೆ. ನಮ್ಮ ವಿವರ ಯಾವ ದಾರಿಯಲ್ಲಿ ಅವನ ಕೈ ಸೇರಿತೋ!

ಕಾಗದ ಕಳಿಸಿದ. ಲೆಟರ್‌ಹೆಡ್ಡು, ದುಂಡು ಮೊಹರು, ಬೆಂಗಳೂರಿನ ವಿಳಾಸ, ಜಿಎಸ್‌ಟಿ ನಂಬರು. ನೋಂದಣಿ ಶುಲ್ಕ 10,000, ಜಿಎಸ್‌ಟಿ 1,800. ಮಾರಾಟ ಮುಗಿದ ಕೂಡಲೇ ಇದೂ ವಾಪಸ್ಸು ಬರುತ್ತದೆ ಅಂದ. ಕಳಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಫೋನು: ಪಾರ್ಟಿ ಚೆಕ್ ಬರೆದಾಯಿತು, ಟಿಡಿಎಸ್ ಕ್ಲಿಯರೆನ್ಸಿಗೆ 34,000 ಕಟ್ಟಿದರೆ ಸಂಜೆಯೊಳಗೆ ದುಡ್ಡು. ಆಗ ಎದೆ ಧಸಕ್ಕೆಂದಿತು. ಆಗುವುದಿಲ್ಲ ಅಂದೆ. ಅಷ್ಟು ಹೊತ್ತೂ ಅಮ್ಮ ಅಮ್ಮ ಅನ್ನುತ್ತಿದ್ದವನು ‘ಹಂಗಾದ್ರೆ ನಿಮ್ಮ ಹತ್ತು ಸಾವಿರಾನೂ ಹೋಯ್ತು’ ಅಂದು ಇಟ್ಟುಬಿಟ್ಟ.

ತಾಲ್ಲೂಕು ಕಚೇರಿಯಲ್ಲಿ ಎರಡನೇ ದರ್ಜೆ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಖೋಟಾ ಮೊಹರು, ತಿದ್ದಿದ ಪಹಣಿ, ಸತ್ತವರ ಹೆಬ್ಬೆಟ್ಟು ಎಲ್ಲ ಕಂಡಿದ್ದೇನೆ. ಹಿಡಿದು ವಾಪಸ್ಸು ಕಳಿಸಿದ್ದೇನೆ. ಈ ಕಾಗದವನ್ನು ಮಾತ್ರ ಬಿಡಿಸಿ ನೋಡಲಿಲ್ಲ. ಇವರಿಲ್ಲದ ಮೇಲೆ ಆ ಬಿಲ್ಲು ಬಂದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ. ಯಾರಾದರೂ ಕೈಯಿಂದ ಇಳಿಸಿಕೊಂಡರೆ ಸಾಕು ಅನ್ನಿಸುತ್ತಿತ್ತು. ಆ ಆಸೆಯ ಜಾಗಕ್ಕೇ ಅವನು ಕೈ ಹಾಕಿದ್ದು.

ಮಗಳಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

11 ಜನವರಿ, ಶನಿವಾರ

ಕರಾರು ಪತ್ರವನ್ನು ಬೀರುವಿನಿಂದ ತೆಗೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದ್ದು. ಕಣ್ಣಿಗೆ ಕಾಣದಷ್ಟು ಸಣ್ಣಕ್ಷರ. ಇವರ ಭೂತಗನ್ನಡಿ ಹಿಡಿದೆ. ಬಾಡಿಗೆಗೆ ಕೊಡುತ್ತೇನೆ ಅಂತ ಹೊರಡುವ ಮೊದಲು ಕೊಡುವ ಹಕ್ಕು ನನಗಿದೆಯೇ ಅಂತ ನೋಡಬೇಕಲ್ಲ. ಜಮೀನಿನ ಗೇಣಿಯಾದರೂ ಅಷ್ಟೇ, ಇದಾದರೂ ಅಷ್ಟೇ.

ಒಂದು ಕಲಂ ಎದೆ ನಡುಗಿಸಿತು. ಸದಸ್ಯರು ತಮ್ಮ ರಾತ್ರಿಗಳನ್ನು ವ್ಯಾಪಾರಕ್ಕೆ ಬಳಸಕೂಡದು ಅಂತ ಇದೆ. ಅದರ ಕೆಳಗೇ ಇನ್ನೊಂದು: ಸದಸ್ಯರು ತಾವು ಹೋಗದೆ ಅತಿಥಿಗಳನ್ನು ಕಳಿಸಬಹುದು, ಅದಕ್ಕೆ ಅತಿಥಿ ಪತ್ರ ಪಡೆಯಬೇಕು, ಪತ್ರದಲ್ಲಿ ಅತಿಥಿಯ ಹೆಸರಿರಬೇಕು, ಅತಿಥಿ ಮಾಡಿದ ನಷ್ಟಕ್ಕೆ ಸದಸ್ಯರೇ ಹೊಣೆ. ನಾನು ಕಟ್ಟುವ ಶುಲ್ಕವನ್ನು ಅತಿಥಿಯಿಂದ ಪಡೆದರೆ ಅದು ವ್ಯಾಪಾರವೋ ಅಲ್ಲವೋ? ಕಾಗದ ಹೇಳುವುದಿಲ್ಲ. ನಾನೇ ಅನುಕೂಲದ ಅರ್ಥ ಮಾಡಿಕೊಳ್ಳುವುದು ಬೇಡ. ಕಳಿಸಿದ ಮೇಲೆ ಯಾರೋ ಸಂಸಾರ ಮಕ್ಕಳ ಜೊತೆ ರೆಸಾರ್ಟಿನ ಬಾಗಿಲಲ್ಲಿ ನಿಲ್ಲುವಂತಾದರೆ ಅವರ ಪಾಲಿಗೆ ನಾನೂ ಆ ಫೋನಿನವನೂ ಒಂದೇ.

ಕಂಪನಿಗೆ ಮೇಲ್ ಬರೆದೆ. ಫೋನಿನಲ್ಲಿ ಹುಡುಕಿ ಸಿಕ್ಕ ವಿಳಾಸಕ್ಕಲ್ಲ, ಕರಾರು ಪತ್ರದಲ್ಲೂ ವರ್ಷದ ಬಿಲ್ಲಿನಲ್ಲೂ ಒಂದೇ ರೀತಿ ಅಚ್ಚಾಗಿರುವ ವಿಳಾಸಕ್ಕೆ. ಉತ್ತರ ಬರಹದಲ್ಲೇ ಬೇಕು ಅಂತ ಕೇಳಿದೆ.

16 ಜನವರಿ, ಗುರುವಾರ

ಹಬ್ಬದ ಎಳ್ಳು ಬೆಲ್ಲ ಇನ್ನೂ ಡಬ್ಬದಲ್ಲಿದೆ. ಬೆಳಗ್ಗೆ ಹನ್ನೊಂದಕ್ಕೆ ಫೋನು. ಈ ಸಲ ಗಂಭೀರ ದನಿಯ ಗಂಡಸು. ಗ್ರಾಹಕ ನ್ಯಾಯಾಲಯದಿಂದ ಮಾತಾಡುವುದಾಗಿ ಹೇಳಿದ. ‘ನವೆಂಬರಿನಲ್ಲಿ ನೀವು 11,800 ಕಟ್ಟಿ ಮೋಸ ಹೋಗಿದ್ದೀರಿ. ಆ ಕಂಪನಿ ಮೇಲೆ ಕೇಸಾಗಿದೆ. ನಿಮ್ಮ ಹೆಸರಿಗೆ 2,40,000 ಪರಿಹಾರ ಮಂಜೂರಾಗಿದೆ. ಫೈಲ್ ಚಾರ್ಜು 6,500 ಕಟ್ಟಿದರೆ ಆರ್ಡರ್ ಕಾಪಿ ಕಳಿಸುತ್ತೇವೆ.’

ಕೂತಲ್ಲೇ ಕೂತಿದ್ದೆ. ಮೊದಲು ಬಂದದ್ದು ಸಮಾಧಾನ, ಅಪ್ಪಾ, ಯಾರೋ ಕೇಳಿದರಲ್ಲ ಅಂತ. ಆಮೇಲೆ ಹೊಳೆಯಿತು. ನಾನು ದೂರೇ ಕೊಟ್ಟಿಲ್ಲ. ಮಗಳಿಗೆ ಹೇಳಿಲ್ಲ, ಪೊಲೀಸರಿಗೆ ಹೇಳಿಲ್ಲ, ಬ್ಯಾಂಕಿಗೂ ಹೇಳಿಲ್ಲ. ಆ 11,800ರ ವಿಷಯ ಈ ಲೋಕದಲ್ಲಿ ಗೊತ್ತಿರುವುದು ಎರಡೇ ಕಡೆ, ಒಂದು ನನಗೆ, ಇನ್ನೊಂದು ತಗೊಂಡವನಿಗೆ.

‘ನಿಮಗೆ ಹೇಗೆ ಗೊತ್ತಾಯ್ತು ಸ್ವಾಮಿ?’ ಅಂದೆ. ಲೈನು ಕಡಿದುಹೋಯಿತು.

ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ ಅನ್ನುವ ಧೈರ್ಯದ ಮೇಲೇ ಅವರು ಎರಡನೇ ಸಲ ಬಂದದ್ದು. ನಾನು ನಾಚಿಕೆಯಿಂದ ಮುಚ್ಚಿಟ್ಟದ್ದೇ ಅವರಿಗೆ ಬಂಡವಾಳ.

17 ಜನವರಿ, ಶುಕ್ರವಾರ

ಬೆಳಗ್ಗೆ ಎದ್ದವಳೇ 1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಹುಡುಗಿಯೊಬ್ಬಳು ತಾಳ್ಮೆಯಿಂದ ಕೇಳಿ, ಯಾವ ಖಾತೆಗೆ, ಯಾವ ದಿನ, ಎಷ್ಟು ಹೊತ್ತಿಗೆ, ವಹಿವಾಟು ಸಂಖ್ಯೆ ಏನು ಅಂತ ಎಲ್ಲ ಬರೆದುಕೊಂಡು ದೂರಿನ ಸಂಖ್ಯೆ ಕೊಟ್ಟಳು. ದುಡ್ಡು ಹೋದ ಮೊದಲ ಒಂದೆರಡು ಗಂಟೆಯಲ್ಲೇ ಮಾಡಿದ್ದರೆ ಆ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಇತ್ತಂತೆ. ‘ಎರಡು ತಿಂಗಳಾಗಿದೆ ಅಮ್ಮ, ಆದರೂ ದಾಖಲಾಗಲಿ’ ಅಂದಳು. ಆ ಎರಡು ತಿಂಗಳನ್ನು ನಾಚಿಕೆಗೆ ಕೊಟ್ಟುಬಿಟ್ಟೆನಲ್ಲ ಅನ್ನುವುದೇ ಈಗ ದುಡ್ಡಿಗಿಂತ ಹೆಚ್ಚಾಗಿ ಚುಚ್ಚುತ್ತಿದೆ.

ಮಧ್ಯಾಹ್ನ ನವೆಂಬರಿನ ಕಾಗದ ತೆಗೆದೆ. ಜಿಎಸ್‌ಟಿ ನಂಬರಿನ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದೆ. ನಿಜವಾದ ನಂಬರಿನಲ್ಲಿ ಅಂಕಿ, ಅಕ್ಷರ ಸೇರಿ ಹದಿನೈದು ಇರುತ್ತವೆ. ಮೊದಲೆರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರು. ಇದರಲ್ಲಿ ಹದಿನಾಲ್ಕೇ ಇದ್ದವು. ಬೆಂಗಳೂರಿನ ವಿಳಾಸಕ್ಕೆ ಶುರುವಾಗುವುದು 07ರಿಂದ, ಅದು ದೆಹಲಿಯದು. ಜಿಎಸ್‌ಟಿ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನಂಬರು ಹಾಕಿ ಹೆಸರು ನೋಡಬಹುದು, ಒಂದು ನಿಮಿಷದ ಕೆಲಸ. ಹಾಕಿದೆ. ಅಂಥದ್ದು ಇಲ್ಲ ಅಂತು.

ರಾತ್ರಿ ಮಗಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ‘ಅಮ್ಮ, ಒಬ್ಬಳೇ ಇಷ್ಟು ದಿನ ಇಟ್ಕೊಂಡಿದ್ಯಾ?’ ಅಂದಳು. ಅಷ್ಟೇ. ಆಮೇಲೆ ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳನ್ನೂ ಸೇರಿಸಿಕೊಂಡಳು. ಅಲ್ಲಿಯೂ ಟೈಮ್‌ಶೇರ್ ಇಟ್ಟುಕೊಂಡ ವಯಸ್ಸಾದವರಿಗೆ ಇದೇ ಕಥೆಯಂತೆ. ಕೊಳ್ಳುವವರಿದ್ದಾರೆ, ಮೊದಲು ತೆರಿಗೆ ಕಟ್ಟಿ ಅನ್ನುವುದು. ದುಡ್ಡು ಹೋದ ಮೇಲೆ ವಕೀಲರು, ಸರ್ಕಾರದವರು ಅಂತ ಹೇಳಿಕೊಂಡು ಅವರೇ ಮತ್ತೆ ಬರುವುದು. ಮೆಕ್ಸಿಕೋದ ಪ್ವೆರ್ತೊ ವಯಾರ್ತಾದಲ್ಲಿ ಕುಳಿತು ಇದನ್ನು ನಡೆಸುತ್ತಿದ್ದ ಜಾಲದ ಹಿಂದೆ ಮಾದಕವಸ್ತು ಮಾರುವ ದೊಡ್ಡ ಕೂಟವೇ ಇದೆ ಅಂತ 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ನಿರ್ಬಂಧ ಹಾಕಿತಂತೆ. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ನರಸೀಪುರ! ಮಾತು ಮಾತ್ರ ಒಂದೇ: ನಿಮಗೆ ಕೊಡುವುದಕ್ಕೆ ಮೊದಲು ನೀವು ಕೊಡಿ.

ಗ್ರಾಹಕರ ದೂರಿನ ವಿಷಯವನ್ನೂ ಮಗಳು ವಿಚಾರಿಸಿದಳು. ಗ್ರಾಹಕ ಆಯೋಗ ಯಾರಿಗೂ ಫೋನ್ ಮಾಡಿ ಫೈಲ್ ಚಾರ್ಜು ಕೇಳುವುದಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೇ ಇಲ್ಲ, ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಮೊದಲು ಕೇಳಿ ನೋಡಬೇಕೆಂದರೆ ಗ್ರಾಹಕ ಸಹಾಯವಾಣಿ 1915 ಇದೆ.

27 ಜನವರಿ, ಸೋಮವಾರ

ಕಂಪನಿಯ ಉತ್ತರ ಬಂತು. ಅತಿಥಿಯನ್ನು ಕಳಿಸಬಹುದು, ನನಗೂ ಅತಿಥಿಗೂ ನಡುವಿನ ಖರ್ಚಿನ ಹಂಚಿಕೆಗೆ ಅವರ ಆಕ್ಷೇಪ ಇಲ್ಲ, ಹೊಣೆಯೂ ಇಲ್ಲ, ಅವರ ಹೆಸರು, ಚಿತ್ರ ಹಾಕಿ ಜಾಹೀರಾತು ಕೊಡಕೂಡದು, ಏಜೆಂಟರ ಮೂಲಕ ಕೊಡಕೂಡದು. ಇದು ನಮ್ಮ ಕರಾರಿನ ಮಾತು. ಬೇರೆ ಕಂಪನಿಯ ಕರಾರು ಬೇರೆ ಇರಬಹುದು. ಮೇಲನ್ನು ಮುದ್ರಿಸಿ ಕಡತಕ್ಕೆ ಸೇರಿಸಿದೆ.

ಜಾಹೀರಾತು ಇಲ್ಲ ಅಂದರೆ ಬಾಯಿಮಾತೇ ಗತಿ. ನನಗೂ ಅದೇ ಬೇಕಿತ್ತು. ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಜೊತೆಗಿದ್ದ ಗೆಳತಿಗೆ ಹೇಳಿದೆ. ಅವಳ ಬೀದಿಯಲ್ಲೇ ಒಂದು ಸಂಸಾರ ಇದೆಯಂತೆ. ಗಂಡ ಹೆಂಡತಿ, ಇಬ್ಬರು ಮಕ್ಕಳು. ಬೇಸಿಗೆ ರಜೆಯಲ್ಲಿ ಎಲ್ಲಾದರೂ ಹೋಗಬೇಕು ಅನ್ನುತ್ತಿದ್ದಾರಂತೆ. ‘ಸುತ್ತೂರು ಜಾತ್ರೆ ಮುಗೀಲಿ, ಆಮೇಲೆ ಮಾತಾಡ್ತೀನಿ. ಈಗ ಊರಿಗೂರೇ ಅಲ್ಲಿದೆ’ ಅಂದಳು.

8 ಫೆಬ್ರವರಿ, ಶನಿವಾರ

ಸೋಮವಾರದಿಂದ ಕುಂಭಮೇಳ. ಊರು ತುಂಬುತ್ತಿದೆ. ಮೈದುನನ ಮಗ ಹೊಸದಾಗಿ ಕಟ್ಟಿಸಿದ ಮಹಡಿಯ ಎರಡು ಕೋಣೆಯನ್ನು ಮೂರು ದಿನಕ್ಕೆ ಬಾಡಿಗೆಗಿದೆ ಅಂತ ಫೋಟೋ ಸಮೇತ ಫೋನಿನಲ್ಲಿ ಹಾಕಿದ್ದ. ಮಧ್ಯಾಹ್ನ ಓಡಿಬಂದ. ‘ದೊಡ್ಡಮ್ಮ, ಪಾರ್ಟಿ ಸಿಕ್ತು! ಮಿಲಿಟ್ರಿ ಆಫೀಸರು. ಅಪ್ಪ ಅಮ್ಮನ್ನ ಸ್ನಾನಕ್ಕೆ ಕರ್ಕೊಂಡ್ ಬರ್ತಾರಂತೆ. ಹದಿನೈದು ಸಾವಿರ ಪೂರ್ತಿ ಈಗ್ಲೇ ಕಳಿಸ್ತಾರೆ.’

ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡಲಿಲ್ಲ. ನೀರಿದೆಯೇ, ಸಂಗಮ ಎಷ್ಟು ದೂರ ಅಂತ ಕೇಳಲಿಲ್ಲ. ಗುರುತಿನ ಚೀಟಿಯ ಫೋಟೋವನ್ನು ಕೇಳದೇ ಕಳಿಸಿದ್ದಾನೆ. ಆಮೇಲೆ ಒಂದು ಕ್ಯೂಆರ್ ಕೋಡ್. ಸೈನ್ಯದ ಖಾತೆಯಿಂದ ದುಡ್ಡು ಹೀಗೇ ಬರುವುದು, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದಿದ್ದಾನೆ. ಹುಡುಗನ ಹೆಬ್ಬೆರಳು ಫೋನಿನ ಮೇಲೇ ಇತ್ತು. ಪರದೆಯ ಮೇಲೆ 15,000, ಅದರ ಕೆಳಗೆ ಪಿನ್ನಿನ ಆರು ಖಾಲಿ ಜಾಗ.

ಫೋನು ಕಿತ್ತುಕೊಂಡೆ. ‘ದುಡ್ಡು ತಗೊಳ್ಳೋಕೆ ಪಿನ್ ಬೇಡ ಕಣಪ್ಪ. ಪಿನ್ ಒತ್ತೋದು ಕೊಡೋಕೆ.’

‘ಮಿಲಿಟ್ರಿಯವ್ರು ದೊಡ್ಡಮ್ಮ!’

‘ಮಿಲಿಟ್ರಿ ಬಟ್ಟೆ ನೋಡಿದ್ರೆ ನಾವು ಕೈ ಮುಗೀತೀವಿ ಅಂತ ಗೊತ್ತಿದ್ದೇ ಅದನ್ನ ಹಾಕ್ಕೊಂಡು ಬರ್ತಾರೆ.’

‘ನಿಮಗೆ ಇದೆಲ್ಲ ಹೆಂಗೆ ಗೊತ್ತು?’

ಹೇಳಿದೆ. ನವೆಂಬರು, ಜನವರಿ, ಎರಡನ್ನೂ. ಅವನಿಗೆ ನಾನು ಯಾವತ್ತೂ ಕಾಗದ ತಿಳಿದ ದೊಡ್ಡಮ್ಮ. ಮುಖ ನೋಡುತ್ತಾ ನಿಂತುಬಿಟ್ಟ. ನನಗೆ ನಾಚಿಕೆ ಆಗಲಿಲ್ಲ. ಆ ಹೊತ್ತಿನಲ್ಲಿ ಅವನ ಹದಿನೈದು ಸಾವಿರದ ಮುಂದೆ ನನ್ನ ಮಾನ ಏನೂ ದೊಡ್ಡದು ಅನ್ನಿಸಲಿಲ್ಲ.

ಸಂಜೆ ಮಂಡ್ಯದ ಕಡೆಯ ಮುದುಕ ಮುದುಕಿ ಬಾಗಿಲಿಗೇ ಬಂದು ಕೇಳಿದರು. ಕೋಣೆ ನೋಡಿ, ಎರಡು ಸಾವಿರ ಕೈಗೆ ಕೊಟ್ಟು ಚೀಟಿ ಬರೆಸಿಕೊಂಡರು.

12 ಫೆಬ್ರವರಿ, ಬುಧವಾರ, ಹುಣ್ಣಿಮೆ

ನಸುಕಿನಲ್ಲೇ ಹೋಗಿ ಮೂರು ಮುಳುಗು ಹಾಕಿ ಬಂದೆ. ಮೈದುನನ ಮಗ ರಟ್ಟೆ ಹಿಡಿದುಕೊಂಡಿದ್ದ. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ. 1989ರಲ್ಲಿ ಇಲ್ಲಿ ಮೊದಲ ಕುಂಭಮೇಳ ನಡೆದಾಗ ನಾನು ಹೊಸ ಗುಮಾಸ್ತೆ. ರಿಜಿಸ್ಟರು ಹಿಡಿದುಕೊಂಡು ಹೊಳೆ ದಂಡೆಯಲ್ಲೇ ಕೂತಿದ್ದೆ. ಇವರು ಪಾಳಿ ಮುಗಿಸಿ ತಿಂಡಿ ಡಬ್ಬಿ ತಂದುಕೊಟ್ಟಿದ್ದರು. ಮೂರು ವರ್ಷಕ್ಕೊಮ್ಮೆ ಬರುವ ಮೇಳ 2022ರಲ್ಲಿ ಕೊರೋನಾದಿಂದ ನಿಂತುಹೋಗಿತ್ತು. 2019ರದೇ ನಾವಿಬ್ಬರೂ ಕೂಡಿ ಮಿಂದ ಕೊನೆಯದು.

ಗುಂಜಾ ನರಸಿಂಹಸ್ವಾಮಿಗೆ ಕೈಮುಗಿದು ಬಂದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ನಮ್ಮೂರಿನವರ ನಂಬಿಕೆ. ಮನೆಗೆ ಬಂದು ಒದ್ದೆ ಸೀರೆ ಹಿಂಡುವಾಗ ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

23 ಫೆಬ್ರವರಿ, ಭಾನುವಾರ

ನಂಜನಗೂಡಿಗೆ ಹೋಗಿದ್ದೆ. ಆ ಸಂಸಾರ ಇರುವುದು ದೇವಸ್ಥಾನದ ಹತ್ತಿರದ ಬೀದಿಯಲ್ಲಿ. ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಸೂಪರ್‌ವೈಸರು, ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಕಾಫಿ ಕೊಟ್ಟರು. ನಾನು ಮಾತು ಶುರು ಮಾಡುವ ಮೊದಲೇ ಆಕೆ ಕೇಳಿದಳು:

‘ತಪ್ಪು ತಿಳ್ಕೋಬೇಡಿ ಅಮ್ಮ. ನೀವು ಹೇಳೋ ಕೋಣೆ ನಿಜವಾಗ್ಲೂ ಇದೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು? ನಮ್ಮ ಅಣ್ಣ ಹಿಂಗೇ ಗೋವಾದಲ್ಲಿ ರೂಮು ಅಂತ ದುಡ್ಡು ಕಟ್ಟಿ, ಹೋಗಿ ನೋಡಿದ್ರೆ ಆ ಅಡ್ರೆಸ್ಸೇ ಇರ್ಲಿಲ್ಲ.’

ಎಷ್ಟು ಸಂತೋಷವಾಯಿತೋ! ಗಂಡ ಗದರುವಂತೆ ಅವಳ ಕಡೆ ನೋಡಿದ. ಬಿಡಿ, ಕೇಳಲಿ, ಕೇಳಲೇಬೇಕು ಅಂದೆ. ಕಡತ ಬಿಚ್ಚಿ ಕರಾರು ಪತ್ರ, ನನ್ನ ಹೆಸರಿಗೆ ವರ್ಗಾವಣೆಯಾದ ಕಾಗದ, ಕಂಪನಿಯ ಮೇಲು, ಈ ವರ್ಷದ ಬಿಲ್ಲು ಎಲ್ಲ ಮುಂದಿಟ್ಟೆ. ರೆಸಾರ್ಟಿನ ನಂಬರನ್ನು ನಾನು ಕೊಡಲಿಲ್ಲ. ಅವರೇ ಕಂಪನಿಯ ಜಾಲತಾಣದಿಂದ ತೆಗೆದುಕೊಳ್ಳಲಿ ಅಂದೆ. ತೆಗೆದು, ಸ್ಪೀಕರ್ ಹಾಕಿ ಕೇಳಿದರು: ಅತಿಥಿ ಪತ್ರ ತಂದರೆ ಕೋಣೆ ಕೊಡುತ್ತೀರಾ, ಮೇಲೆ ಏನೇನು ಖರ್ಚು? ಕೊಡುತ್ತೇವೆ, ಊಟ ತಿಂಡಿಯ ಖರ್ಚು ನಿಮ್ಮದು, ಹೆಚ್ಚಿನ ಹಾಸಿಗೆಗೆ ಬೇರೆ ಅಂದರು. ಊಟದ ವಿಷಯ ನಾನೇ ಹೇಳಲು ಮರೆತಿದ್ದೆ. ಅದು ತಿಳಿಯದೆ ಹೋಗಿದ್ದರೆ ಬೇಜಾರಾಗುತ್ತಿತ್ತು.

ರಾತ್ರಿಗೆ 4,000ದಂತೆ ಏಳು ರಾತ್ರಿಗೆ 28,000. ನನ್ನ ಭಯವನ್ನೂ ಹೇಳಿದೆ: ಶುಲ್ಕ ಕಟ್ಟಿದರೇನೇ ಕೋಣೆ ಕಾಯ್ದಿರಿಸಲು ಬಿಡುವುದು, ನಾನು ಕಟ್ಟಿದ ಮೇಲೆ ನೀವು ಬೇಡ ಅಂದರೆ ನನ್ನ ಕೈ ಕಚ್ಚುತ್ತದೆ. ಮಾತಾಡಿ ಹೀಗೆ ಗೊತ್ತು ಮಾಡಿಕೊಂಡೆವು. ಈಗ 5,000 ಮುಂಗಡ. ಅವರ ಹೆಸರಿನ ಅತಿಥಿ ಪತ್ರ ಕೈಗೆ ಬಂದ ದಿನ 9,000. ಹೊರಡುವುದಕ್ಕೆ ಹದಿನೈದು ದಿನ ಮೊದಲು ಉಳಿದ 14,000. ಏಪ್ರಿಲ್ 10ರೊಳಗೆ ಅವರು ಬೇಡ ಅಂದರೆ ಮುಂಗಡ ನನಗೆ, ಉಳಿದದ್ದು ವಾಪಸ್ಸು. ನನ್ನ ಕಡೆಯಿಂದ ತಪ್ಪಿದರೆ ಪೂರ್ತಿ ವಾಪಸ್ಸು. ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿದೆವು, ಗೆಳತಿ ಸಾಕ್ಷಿ. ಮುಂಗಡ ನನ್ನ ಬ್ಯಾಂಕ್ ಖಾತೆಗೇ ಬಂತು. ಬ್ಯಾಂಕಿನ ಸಂದೇಶ ನೋಡಿದ ಮೇಲೇ ರಸೀದಿ ಬರೆದೆ. ಕಳಿಸಿದ್ದೇವೆ ಅಂತ ತೋರಿಸುವ ಫೋಟೋವನ್ನು ಯಾರು ಬೇಕಾದರೂ ಮಾಡಬಹುದು ಅಂತ ಮಗಳು ಎಚ್ಚರಿಸಿದ್ದಳು.

ಹೊರಡುವಾಗ ಆಕೆ ಅರಿಶಿನ ಕುಂಕುಮ, ಒಂದು ಚಿಪ್ಪು ರಸಬಾಳೆ ಕೊಟ್ಟಳು. ನಿಜವಾದ ರಸಬಾಳೆ ಈಗ ನಂಜನಗೂಡಿನಲ್ಲೇ ಹುಡುಕಬೇಕು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಸುತ್ತೂರು ದಾಟುವಷ್ಟರಲ್ಲಿ ಬಸ್ಸೆಲ್ಲ ಘಮಘಮ.

9 ಮಾರ್ಚ್, ಭಾನುವಾರ

ಶುಲ್ಕ ಕಟ್ಟಿದೆ. ಮೇ ಮೊದಲ ವಾರ ಸಿಕ್ಕಿತು. ಅತಿಥಿ ಪತ್ರದಲ್ಲಿ ನಾಲ್ವರ ಹೆಸರೂ ಸರಿಯಾಗಿದೆ; ಚಿಕ್ಕ ಮಗುವಿನ ವಯಸ್ಸು ತಪ್ಪಿತ್ತು, ತಿದ್ದಿಸಿದೆ. ಆಧಾರ್ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವಂಥದ್ದನ್ನು ಕೊಟ್ಟರೆ ಸಾಕು ಅಂದಿದ್ದೆ, ಹಾಗೇ ಕೊಟ್ಟಿದ್ದರು. 9,000 ಬಂತು. ರಸೀದಿ ಬರೆದು ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಹಾಕಿ ಅಂಚೆಗೆ ಹಾಕಿದೆ. ಸ್ಟಾಂಪಿಗೆ ನಾಲಿಗೆ ತಾಗಿಸಿದಾಗ ಆ ಹಳೆಯ ಗೋಂದಿನ ರುಚಿ. ಕಚೇರಿಯ ದಿನಗಳೆಲ್ಲ ಕಣ್ಣ ಮುಂದೆ ಬಂದವು.

4 ಮೇ, ಭಾನುವಾರ

ನಂಜನಗೂಡಿನ ಆಕೆ ಕೊಡಗಿನಿಂದ ಫೋನ್ ಮಾಡಿದಳು. ಮಳೆ ಬಂದು ನಿಂತಿದೆಯಂತೆ, ಮಕ್ಕಳು ಹೊದಿಕೆ ಬಿಟ್ಟು ಏಳುತ್ತಿಲ್ಲವಂತೆ. ‘ಇಲ್ಲಿ ಬಾಲ್ಕನಿ ಮುಂದೆ ಎತ್ತರಕ್ಕೆ ಒಂದು ಸಿಲ್ವರ್ ಓಕ್ ಇದೆ ಅಮ್ಮ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ’ ಅಂದಳು.

ಆ ಮರ ನನಗೆ ಗೊತ್ತು. ಇವರು ಬೆತ್ತದ ಕುರ್ಚಿಯನ್ನು ಅದರ ಕಡೆಗೇ ತಿರುಗಿಸಿಕೊಂಡು, ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು. ಮೂರನೇ ದಿನಕ್ಕೆ ‘ವಾಸನೆ ಹೋಯ್ತು ನೋಡೆ’ ಅನ್ನುತ್ತಿದ್ದರು.

28,000 ಬಂತು, 19,470 ಹೋಯಿತು. 8,530 ಉಳಿದಿದೆ. ಮುಂದಿನ ವರ್ಷದ ಬಿಲ್ಲಿಗೆ ಅಂತ ಬೇರೆ ಇಟ್ಟಿದ್ದೇನೆ. ಬಂದದ್ದನ್ನು ಆದಾಯ ತೆರಿಗೆಯ ಲೆಕ್ಕದಲ್ಲೂ ತೋರಿಸಬೇಕು. ಹೋದ 11,800ರ ಸುದ್ದಿ ಇನ್ನೂ ಇಲ್ಲ. ದೂರಿನ ಸಂಖ್ಯೆ ಹಾಕಿ ವಾರಕ್ಕೊಮ್ಮೆ ನೋಡುತ್ತೇನೆ.

11 ಮೇ, ಭಾನುವಾರ

ಜನವರಿಯಿಂದ ಒಂದು ನೋಟುಪುಸ್ತಕವನ್ನು ಆವಕ ವಹಿಯ ಹಾಗೆ ಗೆರೆ ಹಾಕಿ ಇಟ್ಟಿದ್ದೇನೆ. ಬಂದ ಕಳ್ಳ ಫೋನಿನ ನಂಬರು, ದಿನ, ಹೊತ್ತು, ಏನು ಹೇಳಿದರು, ಯಾವ ಖಾತೆಗೆ ಹಾಕಿ ಅಂದರು, ಎಲ್ಲ. ನಿನ್ನೆಗೆ ಒಂಬತ್ತಾಯಿತು. ಪ್ರತಿಯೊಂದನ್ನೂ ಸೈಬರ್ ಪೋರ್ಟಲಿಗೆ ಕಳಿಸಿದ್ದೇನೆ.

ಇವತ್ತು ಸಂಜೆ ಇವರ ಜೊತೆ ಕಾರ್ಖಾನೆಯಲ್ಲಿದ್ದ ಹಿರಿಯರು ಬಂದರು. ಇವರು ಸಹಿ ಹಾಕಿದ ಮರುವಾರ ಇವರ ಮಾತು ಕೇಳಿಯೇ ತಾವೂ ಒಂದು ಕೊಡಗು ತಗೊಂಡವರು. ಮೈದುನನ ಮಗ ಎಲ್ಲೋ ನನ್ನ ವಿಷಯ ಹೇಳಿದ್ದನಂತೆ. ಜಗಲಿಯ ಮೇಲೆ ಬಹಳ ಹೊತ್ತು ಮಳೆ, ಬೆಳೆ, ಮೊಮ್ಮಗನ ಓದು ಮಾತಾಡಿದರು. ಆಮೇಲೆ ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದರು.

‘ಇದೊಂಚೂರು ನೋಡವ್ವ. ಮನೇಲಿ ಯಾರ್ಗೂ ಹೇಳಿಲ್ಲ. ನಾಳಿಕೆ ದುಡ್ಡು ಕಟ್ಬೇಕು.’

ಲೆಟರ್‌ಹೆಡ್ಡು ಬೇರೆ, ಹೆಸರು ಬೇರೆ. ಮೊಹರಿನ ದುಂಡು ಅದೇ. ಕೊಳ್ಳುವ ಪಾರ್ಟಿ ಈ ಸಲ ಪುಣೆಯವರು, ಐದು ಲಕ್ಷ ಹತ್ತು ಸಾವಿರ. ನೋಂದಣಿ ಶುಲ್ಕ 15,000, ಜಿಎಸ್‌ಟಿ 2,700.

ದೀಪದ ಕೆಳಗೆ ಕಾಗದ ಹರಡಿ ಮಡಿಕೆಗಳನ್ನು ಅಂಗೈಯಿಂದ ಉಜ್ಜಿದೆ. ನಾನು ಹೇಳುವುದಕ್ಕಿಂತ ಅವರೇ ಕಾಣಲಿ ಅಂತ ಜಿಎಸ್‌ಟಿ ನಂಬರಿನ ಮೊದಲ ಅಂಕಿಯ ಮೇಲೆ ಅವರ ಬೆರಳನ್ನು ಇಡಿಸಿದೆ. ‘ಒಂದೊಂದೇ ಎಣಿಸಿ ಅಣ್ಣ, ಗಟ್ಟಿಯಾಗಿ ಎಣಿಸಿ. ಹದಿನೈದು ಇರ್ಬೇಕು.’ ವರ್ಷಗಟ್ಟಲೆ ಬಿಸಿನೀರಿನಲ್ಲಿ ನೂಲಿನ ಎಳೆ ಹುಡುಕಿದ ಬೆರಳು. ತುದಿಯ ಚರ್ಮ ಇನ್ನೂ ಬೆಳ್ಳಗೆ ಮಡಿಚಿಕೊಂಡಿದೆ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದರು. ಹದಿನಾಲ್ಕಕ್ಕೆ ಬೆರಳು ಕಾಗದದ ಖಾಲಿ ಜಾಗಕ್ಕೆ ಬಂತು. ಮೊದಲಿಂದ ಇನ್ನೊಮ್ಮೆ ಎಣಿಸಿದರು.